ಹೊಸದಾಗಿ ಕಟ್ಟಿದ ಡೀಸೆಲ್ ಇಂಜಿನಿಗೆ ಮೊದಲು ಯಾವ ಆಯಿಲ್?

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಿಂದ ಸ್ವಲ್ಪ ಒಳಗೆ ಅಡಿಕೆ ತೋಟ. 1999ರ ಮಹೀಂದ್ರ ಕಮಾಂಡರ್ ಡಿಐ ಜೀಪು ಇದೆ. ಹೊಗೆ, ಬ್ಯಾಕ್ ಕಂಪ್ರೆಶನ್ (ಉರಿದ ಗ್ಯಾಸು ರಿಂಗ್ ದಾಟಿ ಇಂಜಿನಿನ ಕೆಳಕ್ಕೆ ಇಳಿಯುವುದು) ಎರಡೂ ಜಾಸ್ತಿಯಾಗಿ ಇಂಜಿನ್ ಇಳಿಸಿದ್ದೇವೆ. ಬ್ಲಾಕ್ ಮಂಗಳೂರಿನಲ್ಲಿ ಬೋರ್ ಆಗಿ, ಅಂದರೆ ಸವೆದ ಸಿಲಿಂಡರುಗಳನ್ನು ಕೊರೆದು ಅಗಲ ಮಾಡಿ, ಬಂದಿದೆ. ಓವರ್‌ಸೈಜ್ ಪಿಸ್ಟನ್, ಅದರ ಸುತ್ತ ಕೂರುವ ರಿಂಗ್ಸ್, ಬೇರಿಂಗ್ ಎಲ್ಲ ತಂದಾಯಿತು, ಮುಂದಿನ ವಾರ ಕಟ್ಟುತ್ತಾರೆ. ಈಗ ಆಯಿಲ್ ವಿಷಯದಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಮೆಕ್ಯಾನಿಕ್ 20ಡಬ್ಲ್ಯು-50 ಎಂಬ ದಪ್ಪ ಆಯಿಲ್ ಹಾಕಿ, ಜತೆಗೆ ಒಂದು ಬಾಟ್ಲಿ ಅಡಿಟಿವ್ ಸುರಿಯಬೇಕು ಅನ್ನುತ್ತಾರೆ. ಮಗ ಫುಲ್ ಸಿಂಥೆಟಿಕ್ಕೇ ಬೇಕು ಅನ್ನುತ್ತಾನೆ. ಪಕ್ಕದ ತೋಟದವರು ಎರಡು ದಿನ ನಿಲ್ಲಿಸಿಯೇ ಐಡ್ಲಿಂಗ್ ಓಡಿಸಿ, ಆಮೇಲೆ 2000 ಕಿ.ಮೀ.ವರೆಗೆ ನಲ್ವತ್ತು ದಾಟಬೇಡಿ ಎಂದರು. ತಮ್ಮನ ಪಿಕಪ್ಪನ್ನು ಕಳೆದ ವರ್ಷ ಸರಿಯಾಗಿ ಹಾಗೆಯೇ ಓಡಿಸಿದ್ದೆವು. ಆಯಿಲ್ ಎರಡೇ ದಿನದಲ್ಲಿ ಕಪ್ಪಾಯಿತು, ಇವತ್ತಿಗೂ ಆಯಿಲ್ ಕುಡಿಯುತ್ತಿದೆ. ನಮ್ಮ ಜೀಪಿಗೂ ಅದೇ ಗತಿ ಆಗಬಾರದು. ತಿಂಗಳೊಳಗೆ ಅಡಿಕೆ ಪುತ್ತೂರಿಗೆ ಸಾಗಿಸಲಿಕ್ಕೂ ಇದೆ. ಏನು ಮಾಡಬೇಕು?

ಉತ್ತರ: ನೀವು ಕೇಳಿದ್ದು ಆಯಿಲಿನ ವಿಷಯ, ಆದರೆ ನಿಮ್ಮ ಹೆದರಿಕೆ ತಮ್ಮನ ಪಿಕಪ್ಪಿನಿಂದ ಬಂದದ್ದು. ಬೋರಿಂಗ್, ಪಿಸ್ಟನ್, ಪಂಪು ಕೆಲಸ ಅಂತ ಅಷ್ಟು ದುಡ್ಡು ಸುರಿದ ಮೇಲೂ ಆಯಿಲ್ ಕುಡಿಯುವುದು ನಿಲ್ಲದಿದ್ದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಹಾಗಾಗಿ ಆಯಿಲಿನ ಹೆಸರು ಹೇಳುವ ಮೊದಲು ಆ ಪಿಕಪ್ಪಿಗೆ ಏನಾಗಿರಬಹುದು ಎಂದು ಹೇಳುತ್ತೇನೆ. ಅದು ಅರ್ಥವಾದರೆ ಉಳಿದ ಪ್ರಶ್ನೆಗಳಲ್ಲಿ ಅರ್ಧ ತಾವಾಗಿಯೇ ಬಗೆಹರಿಯುತ್ತವೆ.

ಬೋರ್ ಆಗಿ ಬಂದ ನಿಮ್ಮ ಬ್ಲಾಕನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಸಿಲಿಂಡರಿನ ಒಳಗೋಡೆಯಲ್ಲಿ ಓರೆಯಾಗಿ ಒಂದನ್ನೊಂದು ಹಾಯ್ದು ಹೋಗುವ ಸಣ್ಣ ಗೆರೆಗಳು ಕಾಣುತ್ತವೆ. ಹೋನಿಂಗ್ ಮಾಡುವಾಗ, ಅಂದರೆ ಬೋರನ್ನು ಕಲ್ಲಿನಿಂದ ಉಜ್ಜುವಾಗ, ಬೇಕೆಂದೇ ಹಾಕಿದ ಗೆರೆಗಳವು, ಸುಮಾರು 45 ಡಿಗ್ರಿ ಕೋನದಲ್ಲಿರುತ್ತವೆ. ಅವಕ್ಕೆ ಎರಡು ಕೆಲಸ. ಒಂದು, ಗೋಡೆಯಲ್ಲಿ ತೆಳುವಾಗಿ ಆಯಿಲ್ ಹಿಡಿದಿಟ್ಟುಕೊಳ್ಳುವುದು. ಇನ್ನೊಂದು, ಹೊಸ ರಿಂಗಿನ ಮುಖವನ್ನು ಒಂದಿಷ್ಟು ತೇಯ್ದು ಆ ಸಿಲಿಂಡರಿಗೆ ತಕ್ಕಂತೆ ಕೂರಿಸುವುದು. ಕಡೆಯುವ ಕಲ್ಲು ನುಣುಪಾದರೆ ಮತ್ತೆ ಉಳಿ ಹಾಕಿಸಬೇಕಾಗುತ್ತದಲ್ಲ, ಬೋರಿನ ಗೋಡೆಗೂ ಆ ಒರಟುತನ ಅಷ್ಟೇ ಮುಖ್ಯ. ರಿಂಗೂ ಗೋಡೆಯೂ ಒಂದಕ್ಕೊಂದು ಹೊಂದಿಕೊಳ್ಳುವ ಈ ಕೆಲಸ ಮೊದಲ ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಬಹುಪಾಲು ಮುಗಿದುಹೋಗುತ್ತದೆ. ಗೆರೆಗಳ ತುದಿ ಸವೆದ ಮೇಲೆ ಬೇಕೆಂದರೂ ರಿಂಗ್ ಕೂರುವುದಿಲ್ಲ.

ಇದಕ್ಕೆ ಬೇಕಾದ ಒತ್ತಡ ಎಲ್ಲಿಂದ ಬರುತ್ತದೆ? ರಿಂಗಿಗೆ ಸ್ವಂತ ಸ್ಪ್ರಿಂಗ್ ಬಲ ಇದೆ, ಆದರೆ ಅದು ಸ್ವಲ್ಪವೇ. ನಿಜವಾದ ಬಲ ಬರುವುದು ಡೀಸೆಲ್ ಉರಿದಾಗ. ಉರಿದ ಗ್ಯಾಸು ಪಿಸ್ಟನ್ನಿನ ಮೇಲಿನಿಂದ ರಿಂಗಿನ ಹಿಂದಿನ ಸಂದಿಗೆ ಇಳಿದು ಅದನ್ನು ಒಳಗಿನಿಂದ ಗೋಡೆಗೆ ದೂಡುತ್ತದೆ. ಇಂಜಿನಿಗೆ ಲೋಡ್ ಬಿದ್ದಷ್ಟೂ ಈ ದೂಡುವಿಕೆ ಜಾಸ್ತಿ. ಐಡ್ಲಿಂಗಿನಲ್ಲಿ ಇಂಜಿನ್ ಎಳೆಯುವ ಡೀಸೆಲ್ಲೇ ಕಡಿಮೆ, ಆದ್ದರಿಂದ ಒತ್ತಡವೂ ಕಡಿಮೆ, ಬಿಸಿಯೂ ಕಡಿಮೆ. ರಿಂಗ್ ಸಡಿಲವಾಗಿ ಜಾರುತ್ತಿರುತ್ತದೆ. ಅದರ ಪಕ್ಕದಿಂದ ಗ್ಯಾಸು ಕೆಳಗಿಳಿಯುತ್ತದೆ, ಆಯಿಲ್ ಮೇಲೇರುತ್ತದೆ. ಮೇಲೇರಿದ ಆಯಿಲ್ ಅರೆಬರೆ ಸುಟ್ಟು, ಉರಿಯದೆ ಉಳಿದ ಡೀಸೆಲಿನ ಜತೆ ಸೇರಿ, ಗೋಡೆಗೆ ವಾರ್ನಿಶ್ ಹಾಗೆ ಅಂಟಿಕೊಂಡು ಹೋನಿಂಗ್ ಗೆರೆಗಳನ್ನು ಮುಚ್ಚಿಬಿಡುತ್ತದೆ. ನಾವು ಗ್ಲೇಸಿಂಗ್ ಅನ್ನುವುದು ಇದನ್ನೇ. ಅಂಥ ಇಂಜಿನ್ ಬಿಚ್ಚಿದರೆ ಬೋರ್ ಹಳದಿ ಛಾಯೆಯ ಕನ್ನಡಿ. ನೋಡಲು ಬಹಳ ಚಂದ, ಉಗುರಿನಲ್ಲಿ ಗೀರಿದರೆ ಏನೂ ಸಿಕ್ಕುವುದಿಲ್ಲ. ಆಸ್ಪತ್ರೆ, ಕಟ್ಟಡಗಳಲ್ಲಿ ಕರೆಂಟು ಹೋದಾಗ ಮಾತ್ರ, ಅದೂ ಎರಡು ಲೈಟಿಗಾಗಿ ಓಡುವ ದೊಡ್ಡ ಜನರೇಟರುಗಳಿಗೆ ಈ ಕಾಯಿಲೆ ಸಾಮಾನ್ಯ. ಅವುಗಳನ್ನು ನೋಡಿಕೊಳ್ಳುವವರು ಸಾಮರ್ಥ್ಯದ ಶೇ. 30ಕ್ಕಿಂತ ಕಡಿಮೆ ಲೋಡಿನಲ್ಲಿ ಹೊತ್ತುಗಟ್ಟಲೆ ಓಡಿಸಬೇಡಿ ಎನ್ನುವುದು ಇದೇ ಕಾರಣಕ್ಕೆ.

ಈಗ ಪಿಕಪ್ಪಿಗೆ ಬನ್ನಿ. ಎರಡು ದಿನ ಐಡ್ಲಿಂಗ್, ಆಮೇಲೆ 2000 ಕಿ.ಮೀ. ನಲ್ವತ್ತರಲ್ಲಿ ಖಾಲಿ ಓಡಾಟ. ಹೊಸ ರಿಂಗಿಗೆ ಇದಕ್ಕಿಂತ ಕೆಟ್ಟದ್ದು ಮಾಡುವುದು ಕಷ್ಟ. ನಿಮ್ಮ ಪಕ್ಕದವರ ಮೇಲೆ ನನಗೆ ಸಿಟ್ಟಿಲ್ಲ, ಹಳೆಯ ಕಾಲದಿಂದ ಬಾಯಿಂದ ಬಾಯಿಗೆ ಬಂದ ಸಲಹೆ ಅದು. ಇಂಜಿನನ್ನು ಎಳೆಗೂಸಿನ ಹಾಗೆ ನೋಡಿಕೊಳ್ಳಬೇಕೆಂಬ ಕಾಳಜಿ ಅದರ ಹಿಂದಿದೆ. ಬೇರಿಂಗಿನ ಮಟ್ಟಿಗೆ ಆ ಕಾಳಜಿಯಲ್ಲಿ ಅರ್ಥವೂ ಇದೆ. ಆದರೆ ಡೀಸೆಲ್ ರಿಂಗಿಗೆ ಮೊದಲ ದಿನದಿಂದಲೇ ದುಡಿಮೆ ಬೇಕು.

ಇನ್ನು ಆಯಿಲ್. ನಿಮ್ಮ ಜೀಪಿಗೆ ನಾನಾದರೆ ಮಿನರಲ್ 15ಡಬ್ಲ್ಯು-40 ಹಾಕುತ್ತೇನೆ. ಡಬ್ಬದ ಮೇಲೆ ಎಪಿಐ ಸಿಎಚ್-4 ಅಥವಾ ಸಿಐ-4 ಎಂಬ ದರ್ಜೆ ಬರೆದಿರಬೇಕು. ಸರ್ವೋ ಆಗಲಿ, ಎಚ್‌ಪಿ ಆಗಲಿ, ಮ್ಯಾಕ್ ಆಗಲಿ, ಕ್ಯಾಸ್ಟ್ರಾಲ್ ಆಗಲಿ, ಸೀಲ್ ಇರುವ ಅಸಲಿ ಡಬ್ಬ ಆದರೆ ಸಾಕು. ಬ್ಯಾರಲಿನಿಂದ ಅಳೆದು ಕೊಡುವ ಲೂಸ್ ಆಯಿಲ್ ಮಾತ್ರ ಬೇಡ. ಅದರಲ್ಲಿ ಏನಿದೆ ಎಂದು ಕೊಡುವವನಿಗೂ ಗೊತ್ತಿರುವುದಿಲ್ಲ. ಡಬ್ಬದಲ್ಲಿ ‘ಸಿ’ಯಿಂದ ಶುರುವಾಗುವ ದರ್ಜೆಯನ್ನೇ ನೋಡಬೇಕು. ಎಸ್‌ಎನ್, ಎಸ್‌ಪಿ ಎಂದಷ್ಟೇ ಇದ್ದರೆ ಅದು ಪೆಟ್ರೋಲ್ ಕಾರಿನ ಆಯಿಲ್. ಡೀಸೆಲಿನ ಮಸಿಯನ್ನು ಹೊತ್ತುಕೊಳ್ಳುವ ಶಕ್ತಿ ಅದಕ್ಕೆ ಅಷ್ಟಿಲ್ಲ. ಅಂಗಡಿಯವರು ಹೊಸ ಸಿಕೆ-4 ಕೊಟ್ಟರೆ ತೊಂದರೆ ಇಲ್ಲ, ಓಡುತ್ತದೆ. ಆದರೆ ಅದು 2016ರ ಕೊನೆಗೆ ಬಂದ ದರ್ಜೆ, ಸೈಲೆನ್ಸರಿನಲ್ಲಿ ಫಿಲ್ಟರ್ ಇರುವ ಈಗಿನ ಗಾಡಿಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ನಿಮ್ಮ ಜೀಪಿಗೆ ಅದರ ಹೆಚ್ಚಿನ ಬೆಲೆ ಕೊಡುವ ಅಗತ್ಯ ಇಲ್ಲ.

ಮೆಕ್ಯಾನಿಕ್ ಹೇಳಿದ 20ಡಬ್ಲ್ಯು-50ರ ಬಗ್ಗೆ. ನಮ್ಮ ಕಾಸರಗೋಡಿನ ಹವೆಯಲ್ಲಿ ಅದು ವಿಷವೇನಲ್ಲ, ಇಲ್ಲಿ ಬೆಳಗ್ಗೆ ಇಂಜಿನ್ ಮರಗಟ್ಟುವಷ್ಟು ಚಳಿ ಬೀಳುವುದಿಲ್ಲ. ಅವರು ಹಾಗೆ ಹೇಳುವುದು ಸವೆದ ಇಂಜಿನುಗಳ ರೂಢಿಯಿಂದ. ಸವೆದ ಬೇರಿಂಗಿಗೆ ದಪ್ಪ ಆಯಿಲ್ ಹಾಕಿದರೆ ಪ್ರೆಶರ್ ಬೀಳದೆ ಉಳಿಯುತ್ತದೆ, ಸದ್ದು ಕಡಿಮೆಯಾಗುತ್ತದೆ. ನಿಮ್ಮದು ಹೊಸ ಬೇರಿಂಗ್, ಸಂದಿ ಕಿರಿದು. ಸ್ಟಾರ್ಟ್ ಮಾಡಿದ ಕೂಡಲೇ ಆಯಿಲ್ ಬೇಗ ಹೋಗಿ ತಲುಪಬೇಕು. ಅದಕ್ಕೆ 15ಡಬ್ಲ್ಯು-40 ವಾಸಿ.

ಮಗ ಹೇಳಿದ್ದರಲ್ಲೂ ಅರ್ಧ ಸತ್ಯ ಇದೆ. ‘ಸಿಂಥೆಟಿಕ್ ಹಾಕಿದರೆ ಜಾರುಗುಣ ಜಾಸ್ತಿಯಾಗಿ ರಿಂಗೇ ಕೂರುವುದಿಲ್ಲ’ ಎಂಬ ಮಾತು ಪೂರ್ತಿ ನಿಜವಲ್ಲ. ಎಷ್ಟೋ ಹೊಸ ಕಾರುಗಳು ಫ್ಯಾಕ್ಟರಿಯಿಂದಲೇ ಸಿಂಥೆಟಿಕ್ ತುಂಬಿಕೊಂಡು ಬರುತ್ತವೆ. ಆದರೆ ಅಲ್ಲಿನ ಬೋರು ಎರಡು ಮೂರು ಹಂತದಲ್ಲಿ ಹೋನಿಂಗ್ ಆಗಿ, ಗೆರೆಗಳ ಚೂಪು ತುದಿ ಮೊದಲೇ ತೆಗೆದು ಬಂದದ್ದು. ನಮ್ಮ ವರ್ಕ್‌ಶಾಪುಗಳ ಹೋನಿಂಗ್ ಅದಕ್ಕಿಂತ ಒರಟು, ಕೂರುವ ಕೆಲಸ ಇಲ್ಲಿ ಹೆಚ್ಚು ಬಾಕಿ ಇರುತ್ತದೆ. ಅದಕ್ಕಿಂತ ದೊಡ್ಡ ಕಾರಣ ದುಡ್ಡಿನದು. ಈ ಮೊದಲ ಆಯಿಲನ್ನು ನೀವು 500 ಕಿ.ಮೀ.ಗೆ ಚೆಲ್ಲುವವರು. ಚೆಲ್ಲುವ ಆಯಿಲಿಗೆ ಮೂರು ಪಟ್ಟು ಬೆಲೆ ಯಾಕೆ? ಆ ಹಣದಲ್ಲಿ ಇನ್ನೆರಡು ಫಿಲ್ಟರ್ ತನ್ನಿ. ಮಗನಿಗೆ ಇಷ್ಟವಿದ್ದರೆ ಐದಾರು ಸಾವಿರ ಕಿಲೋಮೀಟರ್ ಆದ ಮೇಲೆ ಸಿಂಥೆಟಿಕ್ಕಿಗೆ ಹೋಗಲಿ.

ಅಡಿಟಿವ್ ಬಾಟ್ಲಿ ಬೇಡವೇ ಬೇಡ. ಕಾರಣ ಹೇಳುತ್ತೇನೆ, ಯಾಕೆಂದರೆ ಮೆಕ್ಯಾನಿಕ್ಕಿನ ಎದುರು ‘ಬೇಡ’ ಅನ್ನಲು ನಿಮಗೆ ಕಾರಣ ಬೇಕಾಗುತ್ತದೆ. ಅಂಗಡಿಯಲ್ಲಿ ಸಿಗುವ ಬಾಟ್ಲಿಗಳಲ್ಲಿ ಒಂದು ಬಗೆ ತಿಕ್ಕಾಟ ಕಡಿಮೆ ಮಾಡುವಂಥದ್ದು. ಮಾಲಿಬ್ಡಿನಮ್, ಟೆಫ್ಲಾನ್, ಸೆರಾಮಿಕ್ ಎಂದೆಲ್ಲ ಬರೆದಿರುತ್ತದೆ. ಹೊಸ ರಿಂಗಿಗೆ ಈಗ ಬೇಕಾದದ್ದೇ ಒಂದಿಷ್ಟು ತಿಕ್ಕಾಟ, ಅದನ್ನು ದುಡ್ಡು ಕೊಟ್ಟು ತಪ್ಪಿಸಬೇಕೆ? ಇನ್ನೊಂದು ಬಗೆ ಆಯಿಲನ್ನು ಜೇನಿನಷ್ಟು ದಪ್ಪ ಮಾಡುವಂಥದ್ದು. ಹೊಗೆ ಮರೆಸಿ ಗಾಡಿ ಮಾರುವವರಿಗೆ ಅದು ಬೇಕಾಗಬಹುದು, ಕಾಯಿಲೆ ಇದ್ದರೆ ಬೇಗ ಗೊತ್ತಾಗಬೇಕಾದ ನಿಮಗೆ ಬೇಡ. ಮೂರನೆಯದು ಜಿಂಕ್ ಸೇರಿಸುವಂಥದ್ದು. ಪುಶ್‌ರಾಡ್ ಇಂಜಿನಿನಲ್ಲಿ ವಾಲ್ವ್ ತೆರೆಸುವ ಕ್ಯಾಮಿಗೂ ಅದರ ಮೇಲೆ ಉಜ್ಜುವ ಚಪ್ಪಟೆ ಟ್ಯಾಪೆಟ್ಟಿಗೂ ಜಿಂಕ್–ಫಾಸ್ಫರಸ್ ರಕ್ಷಣೆ ಬೇಕು ಎನ್ನುವುದು ಸರಿ. ಆದರೆ ಅಷ್ಟು ಜಿಂಕ್ ಒಳ್ಳೆಯ ಡೀಸೆಲ್ ಆಯಿಲಿನಲ್ಲಿ ಮೊದಲೇ ಇದೆ. ಮೇಲಿಂದ ಸುರಿದರೆ ಕಂಪನಿಯವರು ತೂಗಿ ಹಾಕಿದ ಲೆಕ್ಕ ತಪ್ಪುತ್ತದೆ, ಜಾಸ್ತಿಯಾದರೆ ಅದೇ ಲೋಹವನ್ನು ತಿನ್ನಲೂಬಹುದು. ಇಂಜಿನ್ ಫ್ಲಶ್ ಎಂಬ ನಾಲ್ಕನೆಯದನ್ನು ಹೊಸ ಇಂಜಿನಿನ ಹತ್ತಿರವೂ ತರಬೇಡಿ. ಡೀಸೆಲ್ ಸುರಿದು ಚೇಂಬರ್ (ಇಂಜಿನಿನ ಅಡಿಯ ಆಯಿಲ್ ತೊಟ್ಟಿ) ತೊಳೆದು ಐದು ನಿಮಿಷ ಓಡಿಸುವ ಅಭ್ಯಾಸವೂ ಅದೇ ಜಾತಿಯದು, ಹೊಸ ಬೇರಿಂಗ್ ಒಣಗುವುದು ಅಲ್ಲಿಯೇ.

ಹೆಚ್ಚುವರಿಯಾಗಿ ಒಂದೇ ಒಂದು ವಸ್ತು ಬೇಕು. ಅದು ಕಟ್ಟುವಾಗ ಹಚ್ಚುವ ಅಸೆಂಬ್ಲಿ ಲ್ಯೂಬ್ ಪೇಸ್ಟ್. ಕ್ಯಾಮಿನ ಉಬ್ಬುಗಳಿಗೆ, ಟ್ಯಾಪೆಟ್ಟಿನ ತಳಕ್ಕೆ ಹಚ್ಚಬೇಕು. ಬೇರಿಂಗಿಗೂ ಅದನ್ನೇ ತೆಳ್ಳಗೆ ಸವರಬಹುದು, ಇಲ್ಲವೆಂದರೆ ಶುದ್ಧ ಆಯಿಲ್ ಸಾಕು. ರಿಂಗಿಗೆ, ಪಿಸ್ಟನ್ನಿಗೆ ಮಾತ್ರ ಆ ಪೇಸ್ಟ್ ತಾಗಬಾರದು. ಅಲ್ಲಿಗೆ ಅದೇ 15ಡಬ್ಲ್ಯು-40 ತೆಳ್ಳಗೆ ಸವರಿದರೆ ಆಯಿತು.

ನೀವು ಕೇಳದೆ ಬಿಟ್ಟ ಒಂದು ವಿಷಯವಿದೆ, ನನ್ನ ಅನುಭವದಲ್ಲಿ ಆಯಿಲಿಗಿಂತ ದೊಡ್ಡದು ಅದೇ: ಬೋರಿನ ತೊಳೆತ. ಹೋನಿಂಗ್ ಕಲ್ಲಿನ ಹುಡಿ, ಕಬ್ಬಿಣದ ಹುಡಿ ಆ ಗೆರೆಗಳ ಒಳಗೆ ಕೂತಿರುತ್ತದೆ. ಹೆಚ್ಚಿನವರು ಡೀಸೆಲಿನಲ್ಲೋ ಸೀಮೆಎಣ್ಣೆಯಲ್ಲೋ ಒರೆಸಿ ಗಾಳಿ ಹೊಡೆದು ಬಿಡುತ್ತಾರೆ. ಅದರಿಂದ ಎಣ್ಣೆಯ ಜಿಡ್ಡು ಹೋಗುತ್ತದೆ, ಹುಡಿ ಗೆರೆಯಲ್ಲಿಯೇ ಉಳಿಯುತ್ತದೆ. ಬಿಸಿ ನೀರು, ಪಾತ್ರೆ ತೊಳೆಯುವ ಸೋಪು, ಗಟ್ಟಿ ಬ್ರಶ್ಶು, ಇವಿಷ್ಟರಿಂದ ಉಜ್ಜಿ ತೊಳೆಯಬೇಕು. ಕ್ರ್ಯಾಂಕಿನ ಆಯಿಲ್ ತೂತುಗಳನ್ನೂ ಬ್ಲಾಕಿನ ಆಯಿಲ್ ದಾರಿಗಳನ್ನೂ ತೊಳೆದು ಗಾಳಿ ಹೊಡೆಯಬೇಕು. ಒಣಗಿದ ಕೂಡಲೇ, ತುಕ್ಕು ಹಿಡಿಯುವ ಮೊದಲು, ಒಂದು ಬಿಳಿ ಬೈರಾಸಿನ ತುಂಡಿಗೆ ಹೊಸ ಆಯಿಲ್ ಹಾಕಿ ಬೋರ್ ಒರೆಸಿ. ಬಟ್ಟೆಯಲ್ಲಿ ಬೂದು ಬಣ್ಣ ಬಂತೇ? ಮತ್ತೆ ತೊಳೆಯಿರಿ. ಬಟ್ಟೆ ಬಿಳಿಯಾಗಿಯೇ ಹೊರಗೆ ಬರುವವರೆಗೆ ಪಿಸ್ಟನ್ ಇಳಿಸಲು ಬಿಡಬೇಡಿ. ಕಟ್ಟುವ ದಿನ ಬೆಳಗ್ಗೆ ಹೋಗಿ ನೀವೇ ಒಮ್ಮೆ ಒರೆಸಿ ನೋಡಿ. ಒಳ್ಳೆಯ ಮೆಕ್ಯಾನಿಕ್ ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಹೊಸ ರಿಂಗ್ ಸಾವಿರ ಕಿಲೋಮೀಟರಿನೊಳಗೆ ಸವೆದು ಬಂದ ಇಂಜಿನುಗಳಲ್ಲಿ ಈ ಹುಡಿಯ ಪಾಲು ದೊಡ್ಡದು, ಆದರೆ ಬೈಗುಳ ತಿನ್ನುವುದು ಯಾವಾಗಲೂ ಆಯಿಲ್.

ಅಲ್ಲಿದ್ದಾಗಲೇ ರಿಂಗಿನ ಗ್ಯಾಪ್, ಅಂದರೆ ಅದರ ಎರಡು ತುದಿಗಳ ನಡುವಿನ ಸಂದಿ, ಅಳೆದಿದ್ದಾರಾ ಕೇಳಿ. ಪ್ರತಿ ರಿಂಗನ್ನೂ ಅದು ಹೋಗಬೇಕಾದ ಬೋರಿನೊಳಗೇ ಇಟ್ಟು ಫೀಲರ್ ಗೇಜಿನಿಂದ ಅಳೆಯಬೇಕು. ಸಾಮಾನ್ಯ ಲೆಕ್ಕ 100 ಮಿ.ಮೀ. ಬೋರಿಗೆ 0.4 ಮಿ.ಮೀ. ಆಸುಪಾಸು, ರಿಂಗ್ ಪೆಟ್ಟಿಗೆಯಲ್ಲಿ ಅಳತೆ ಕೊಟ್ಟಿದ್ದರೆ ಅದೇ ಅಂತಿಮ.

ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ವಾಲ್ವ್) ಇದೆಯೋ ನೋಡಿ. ಬಿಸಿಯಾಗುತ್ತದೆ ಎಂದು ಅದನ್ನು ಕಿತ್ತು ಬಿಸಾಡುವ ಚಾಳಿ ನಮ್ಮ ಕಡೆ ತುಂಬಾ ಇದೆ. ಅದಿಲ್ಲದಿದ್ದರೆ ಇಂಜಿನ್ ಹದವಾದ ಬಿಸಿಗೆ ಬರುವುದೇ ಇಲ್ಲ, ಮಳೆಗಾಲದಲ್ಲಂತೂ ಕೇಳುವುದು ಬೇಡ. ತಣ್ಣಗಿನ ಇಂಜಿನಿನಲ್ಲಿ ಡೀಸೆಲ್ ಸರಿಯಾಗಿ ಉರಿಯದೆ ಗೋಡೆಯ ಆಯಿಲನ್ನು ತೊಳೆದುಕೊಂಡು ಚೇಂಬರಿಗೆ ಇಳಿಯುತ್ತದೆ. ಏರ್ ಕ್ಲೀನರಿನ ಹೋಸು, ಕ್ಲ್ಯಾಂಪು ಬಿಗಿ ಇರಬೇಕು. ಹೈವೇ ಕೆಲಸದ ಧೂಳು, ತೋಟದ ದಾರಿಯ ಮುರಮಣ್ಣಿನ ಕೆಂಪು ಹುಡಿ ಒಳಗೆ ಹೋದರೆ ಯಾವ ಆಯಿಲೂ ರಿಂಗನ್ನು ಉಳಿಸಲಾರದು. ಆಯಿಲ್ ಬಾತ್ ಏರ್ ಕ್ಲೀನರ್ ಆದರೆ ತೊಳೆದು ಹೊಸ ಆಯಿಲ್ ತುಂಬಿ.

ಇನ್ನು ಮೊದಲ ಸ್ಟಾರ್ಟ್. ಆಯಿಲ್ ಫಿಲ್ಟರಿಗೆ ಮೊದಲೇ ಆಯಿಲ್ ತುಂಬಿಸಿ ಹಾಕಲಿ. ಸ್ಟಾಪ್ ಎಳೆದು ಹಿಡಿದು, ಡೀಸೆಲ್ ಹೋಗದ ಹಾಗೆ ಮಾಡಿ, ಪ್ರೆಶರ್ ಲೈಟು ಆರುವವರೆಗೆ ಸೆಲ್ಫ್ ಹೊಡೆಯಲಿ. ಒಂದೇ ಸಮನೆ ಹೊಡೆದರೆ ಸೆಲ್ಫ್ ಮೋಟಾರು ಸುಟ್ಟೀತು, ನಡುವೆ ಬಿಡುವು ಕೊಡಬೇಕು. ಆಮೇಲೆ ಸ್ಟಾರ್ಟ್. ಆದ ಕೂಡಲೇ ಆಕ್ಸಿಲರೇಟರ್ ಸ್ವಲ್ಪ ಏರಿಸಿ 1500 ಆರ್‌ಪಿಎಮ್ ಅಂದಾಜಿನಲ್ಲಿ ಒಂದು ಇಪ್ಪತ್ತು ನಿಮಿಷ ಓಡಲಿ. ಐಡ್ಲಿಂಗಿನಲ್ಲಿ ಬಿಡಬೇಡಿ, ಕ್ಯಾಮಿಗೆ ಆಯಿಲ್ ಚಿಮ್ಮುವುದು ಆ ವೇಗದಲ್ಲಿ. ಅಷ್ಟರಲ್ಲಿ ಸೋರಿಕೆ, ಪ್ರೆಶರ್, ರೇಡಿಯೇಟರಿನ ನೀರು ನೋಡಿಕೊಳ್ಳಬಹುದು. ನಿಲ್ಲಿಸಿ, ತಣಿಯಲು ಬಿಟ್ಟು, ಟ್ಯಾಪೆಟ್ ಕ್ಲಿಯರೆನ್ಸ್ ಮತ್ತೆ ನೋಡಬೇಕು. ಹೆಡ್ ಬೋಲ್ಟ್ ಮರುಬಿಗಿ ಮಾಡುವುದು ಗ್ಯಾಸ್ಕೆಟ್ ಯಾವ ಜಾತಿಯದು ಎಂಬುದರ ಮೇಲೆ. ಗ್ಯಾಸ್ಕೆಟ್ ಕವರಿನ ಮೇಲೆ ಬರೆದಿರುತ್ತದೆ, ಓದಿ ಮಾಡಲಿ.

ಅದೇ ದಿನ ರಸ್ತೆಗೆ ಇಳಿಸಿ. ನಿಮಗೆ ಚೆರ್ಕಳ–ಜಾಲ್ಸೂರು ರಸ್ತೆ ಬಾಗಿಲಲ್ಲೇ ಇದೆ, ಇದಕ್ಕೆ ಅದಕ್ಕಿಂತ ಒಳ್ಳೆಯ ರಸ್ತೆ ನನಗೆ ಗೊತ್ತಿಲ್ಲ. ಹತ್ತು ಕಿ.ಮೀ. ಮೆತ್ತಗೆ ಓಡಿಸಿ ಬಿಸಿ ಮಾಡಿಕೊಳ್ಳಿ. ಆಮೇಲೆ ಆದೂರಿನ ಕಡೆಯ ಚಡಾವುಗಳಲ್ಲಿ (ಏರುಗಳಲ್ಲಿ) ಮೂರನೇ ಗೇರಿನಲ್ಲಿ ಆಕ್ಸಿಲರೇಟರನ್ನು ಮುಕ್ಕಾಲು ಒತ್ತಿ ಎಳೆಯಿರಿ. ಮೂವತ್ತರಿಂದ ಐವತ್ತು, ಐವತ್ತೈದು ಆಗುವವರೆಗೆ ಇಂಜಿನ್ ದುಡಿಯಲಿ, ಆಮೇಲೆ ಕಾಲು ತೆಗೆದು ಗೇರಿನಲ್ಲಿಯೇ ಇಳಿಯಲು ಬಿಡಿ. ಇಳಿಯುವಾಗ ಬಿಸಿ ಆರುತ್ತದೆ, ಮತ್ತೆ ಎಳೆಯಿರಿ. ಇದನ್ನು ಹತ್ತಿಪ್ಪತ್ತು ಸಲ ಮಾಡಿದರೆ ಮೊದಲ ದಿನದ ಪಾಠ ಮುಗಿಯಿತು. ‘ಕಾಲು ಬಿಟ್ಟಾಗ ವ್ಯಾಕ್ಯೂಮ್ ಹುಟ್ಟಿ ಆಯಿಲ್ ಎಳೆದು ರಿಂಗ್ ತೊಳೆಯುತ್ತದೆ’ ಎಂದು ಕೆಲವರು ಹೇಳುವುದು ಪೆಟ್ರೋಲ್ ಇಂಜಿನಿನ ಮಾತು. ಡೀಸೆಲಿಗೆ ಸಾಮಾನ್ಯವಾಗಿ ಪೆಟ್ರೋಲಿನ ಹಾಗೆ ಗಾಳಿ ತಡೆಯುವ ಥ್ರಾಟಲ್ ಇರುವುದಿಲ್ಲ, ಹಾಗಾಗಿ ಕೂರಿಸುವ ಕೆಲಸವೆಲ್ಲ ಎಳೆಯುವಾಗಲೇ ಆಗಬೇಕು.

ಮಾಡಬಾರದ್ದು ಮೂರು. ನಾಲ್ಕನೇ ಗೇರಿನಲ್ಲಿ ನಿಧಾನಕ್ಕೆ ಕುಕ್ಕಿಕೊಂಡು ಎಳೆಯುವುದು. ಅದು ಲೋಡ್ ಕೊಟ್ಟ ಹಾಗಲ್ಲ, ಬೇರಿಂಗಿಗೆ ಹೊಡೆದ ಹಾಗೆ. ಇಂಜಿನ್ ಕಿರುಚುವಷ್ಟು ಆರ್‌ಪಿಎಮ್ ಏರಿಸುವುದು, ಮುಕ್ಕಾಲಿಗೆ ನಿಲ್ಲಿಸಿ. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಹೋಗುವುದು. ಅಂಗಡಿ ಮುಂದೆ ಇಂಜಿನ್ ಆನ್ ಇಟ್ಟು ಮಾತಾಡುವ ಅಭ್ಯಾಸವನ್ನೂ ಈ ಒಂದು ತಿಂಗಳು ಬಿಡಿ.

(ತೋಟದ ಡೀಸೆಲ್ ಪಂಪ್‌ಸೆಟ್ ಬಿಚ್ಚಿ ಕಟ್ಟಿಸಿದವರೂ ಇದನ್ನು ಓದುತ್ತಿರಬಹುದು. ನಿಮಗೆ ಇನ್ನೂ ಸುಲಭ. ಪಂಪಿಗೆ ಜೋಡಿಸಿ ನೀರೆತ್ತಿಸಿ, ಅದೇ ಲೋಡ್. ಬೆಲ್ಟ್ ತೆಗೆದು ಖಾಲಿ ಓಡಿಸಬೇಡಿ.)

ಆಯಿಲ್ ಕಪ್ಪಾದದ್ದಕ್ಕೆ ಹೆದರಬೇಡಿ. ಡೀಸೆಲ್ ಉರಿದರೆ ಮಸಿ ಆಗುತ್ತದೆ, ಅದನ್ನು ಹಿಡಿದು ತೇಲಿಸಿಟ್ಟುಕೊಳ್ಳುವುದು ಆಯಿಲಿನ ಕೆಲಸ. ಎರಡು ದಿನದಲ್ಲಿ ಕಪ್ಪಾಯಿತೆಂದರೆ ಆಯಿಲ್ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಗಮನಿಸಬೇಕಾದದ್ದು ಬೇರೆ. ಗೇಜ್ ಕಡ್ಡಿಯಲ್ಲಿ ಆಯಿಲ್ ಏರುತ್ತಾ ಹೋದರೆ, ಮೂಸಿದಾಗ ಡೀಸೆಲ್ ವಾಸನೆ ಬಂದರೆ, ಫೀಡ್ ಪಂಪಿನಿಂದಲೋ ಮೇನ್ ಪಂಪಿನ ಸೀಲಿನಿಂದಲೋ ಡೀಸೆಲ್ ಇಳಿಯುತ್ತಿದೆ. ಒಂದು ದಿನವೂ ಓಡಿಸಬಾರದು. ಮುಚ್ಚಳದ ಒಳಗೆ ಹಾಲಿನ ಬಣ್ಣದ ಕೆನೆ ಮಳೆಗಾಲದಲ್ಲಿ ಸಣ್ಣ ಓಡಾಟದಿಂದ ಬರುವುದುಂಟು, ಒಮ್ಮೆ ದೂರ ಓಡಿಸಿದರೆ ಹೋಗುತ್ತದೆ. ಕಡ್ಡಿಯಲ್ಲಿಯೇ ಆ ಬಣ್ಣ ಬಂದರೆ ನೀರು ಒಳಗೆ ಸೇರುತ್ತಿದೆ, ಹೆಡ್ ಗ್ಯಾಸ್ಕೆಟ್ ನೋಡಬೇಕು.

500 ಕಿ.ಮೀ.ಗೆ ಆಯಿಲ್, ಫಿಲ್ಟರ್ ಎರಡೂ ಬದಲಿಸಿ, ಇಂಜಿನ್ ಬಿಸಿ ಇರುವಾಗಲೇ. ಹಳೆಯ ಫಿಲ್ಟರನ್ನು ಬಿಸಾಡಬೇಡಿ. ತಗಡು ಕತ್ತರಿಯಿಂದ ಅಂಚು ಕತ್ತರಿಸಿ ತೆಗೆಯಿರಿ, ಹ್ಯಾಕ್ಸಾ ಬ್ಲೇಡ್ ಹಾಕಿದರೆ ಅದರ ಹುಡಿಯೇ ಒಳಗೆ ಬಿದ್ದು ದಾರಿ ತಪ್ಪಿಸುತ್ತದೆ. ಒಳಗಿನ ಕಾಗದದ ಮಡಿಕೆಯಿಂದ ಒಂದು ಗೇಣು ಕತ್ತರಿಸಿ, ಚೆನ್ನಾಗಿ ಹಿಂಡಿ, ಬಿಸಿಲಿಗೆ ಬಿಡಿಸಿ ಇಡಿ. ಬೂದು ಬಣ್ಣದ ನುಣ್ಣನೆ ಹುಡಿ, ಗ್ಯಾಸ್ಕೆಟ್ ಪೇಸ್ಟಿನ ಒಂದೆರಡು ಚೂರು ಕಂಡರೆ ಸಹಜ. ಬೆಳ್ಳಿ ಬಣ್ಣದ ಅಥವಾ ತಾಮ್ರದ ಬಣ್ಣದ ಚಕ್ಕೆಗಳು ಹೊಳೆದರೆ ಅದು ಬೇರಿಂಗ್, ಆ ಕೂಡಲೇ ಚೇಂಬರ್ ಬಿಚ್ಚಬೇಕು. ಅಯಸ್ಕಾಂತಕ್ಕೆ ಅಂಟುವ ಕಡ್ಡಿಯಂಥ ಚೂರು ಕಂಡರೆ ರಿಂಗೋ ಕ್ಯಾಮೋ ಎಂದು ನೋಡಬೇಕಾಗುತ್ತದೆ. ಆಮೇಲೆ ಇನ್ನೊಮ್ಮೆ 2000 ಕಿ.ಮೀ. ಆಸುಪಾಸಿನಲ್ಲಿ ಬದಲಿಸಿ. ಅಲ್ಲಿಂದ ಮುಂದೆ ಪುಸ್ತಕದಲ್ಲಿ ಹೇಳಿದ ಲೆಕ್ಕ.

ಆಯಿಲ್ ಎಷ್ಟು ಹೋಗುತ್ತಿದೆ ಎಂದು ಅಂದಾಜಿನಲ್ಲಿ ಹೇಳಬೇಡಿ, ಬರೆದಿಡಿ. ಒಂದೇ ಸಮತಟ್ಟಾದ ಜಾಗದಲ್ಲಿ, ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ಕಡ್ಡಿ ನೋಡಿ, ಎಷ್ಟು ಸೇರಿಸಿದಿರಿ ಎಂದು ಕಿಲೋಮೀಟರ್ ಸಮೇತ ಗುರುತು ಹಾಕಿ. ಮೊದಲ 500ರಲ್ಲಿ ಸ್ವಲ್ಪ ಹೋಗುತ್ತದೆ, ಹೋಗಲಿ. ಎರಡನೇ 500ರಲ್ಲಿ ಕಡಿಮೆಯಾಗಬೇಕು. ಇಂಜಿನಿನ ಒಳಗಿನ ಗ್ಯಾಸು ಹೊರಬಿಡುವ ಬ್ರೀದರ್ ಪೈಪಿನ ಆವಿಯೂ ದಿನದಿಂದ ದಿನಕ್ಕೆ ಇಳಿಯಬೇಕು. ಡೀಸೆಲಿಗೆ ಒಂದಿಷ್ಟು ಬ್ಯಾಕ್ ಕಂಪ್ರೆಶನ್ ಯಾವತ್ತೂ ಇದ್ದೇ ಇರುತ್ತದೆ, ಹಾಗಾಗಿ ಏರುತ್ತಿದೆಯೋ ಇಳಿಯುತ್ತಿದೆಯೋ ಎನ್ನುವುದನ್ನೇ ನೋಡಿ.

ತಮ್ಮನ ಪಿಕಪ್ಪಿಗೆ ಇನ್ನೂ ದಾರಿ ಇದೆ. ಮೊದಲು ಬೇರೆ ಕಾರಣಗಳನ್ನು ತಳ್ಳಿಹಾಕಿ. ಹೊರಗೆ ಎಲ್ಲಾದರೂ ಸೋರುತ್ತಿದೆಯಾ? ಟರ್ಬೊ ಇದ್ದರೆ ಅದರ ಹೋಸಿನೊಳಗೆ ಆಯಿಲ್ ನಿಂತಿದೆಯಾ? ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲಿನ ಮೇಲೆ ಸಂಶಯ, ಚಡಾವಿನಲ್ಲಿ ಎಳೆಯುವಾಗೆಲ್ಲ ಬಂದರೆ ರಿಂಗ್. ರಿಂಗೇ ಆದರೆ ಮೊದಲಿಗೆ ಒಂದು ವಾರ ಚೆನ್ನಾಗಿ ಬಿಸಿ ಮಾಡಿಕೊಂಡು ಲೋಡ್ ಹಾಕಿ ಚಡಾವಿನಲ್ಲಿ ದುಡಿಸಿ ನೋಡಲಿ. ಗ್ಲೇಸಿಂಗ್ ತೆಳುವಿದ್ದರೆ ಕೆಲವೊಮ್ಮೆ ಬಿಡುತ್ತದೆ. ಖರ್ಚಿಲ್ಲದ ದಾರಿ, ಆದರೆ ಒಂದು ವರ್ಷ ಆದ ಮೇಲೆ ನನಗೆ ಅಷ್ಟೊಂದು ಭರವಸೆ ಇಲ್ಲ. ಆಗದಿದ್ದರೆ ಕಂಪ್ರೆಶನ್ ಟೆಸ್ಟ್ ಮಾಡಿಸಬೇಕು. ನಾಲ್ಕು ಸಿಲಿಂಡರಿನ ನಡುವೆ ಶೇ. 10–15ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಬೇರೆ ತೊಂದರೆಯೂ ಇರಬಹುದು. ಎಲ್ಲ ಸಮನಾಗಿದ್ದೂ ಆಯಿಲ್ ಹೋಗುತ್ತಿದ್ದರೆ ಹೆಡ್, ಚೇಂಬರ್ ಬಿಚ್ಚಿ, ಬೋರಿನ ಅಳತೆ ಸರಿ ಇದ್ದಲ್ಲಿ ಅದಕ್ಕೆ ಹೊಸದಾಗಿ ಹೋನಿಂಗ್ ಗೆರೆ ಹಾಕಿಸಿ, ರಿಂಗ್ಸ್ ಮಾತ್ರ ಹೊಸದು ಹಾಕಿದರೆ ಸಾಕು. ಪಿಸ್ಟನ್ ಹೊಸದು ತೆಗೆದುಕೊಳ್ಳಿ ಎಂದು ಯಾರಾದರೂ ಹೇಳಿದರೆ ಅಳೆದು ತೋರಿಸಲು ಹೇಳಿ. ಹಳೆಯ ರಿಂಗನ್ನೇ ಮತ್ತೆ ಹಾಕಬೇಡಿ. ಬೋರಿನಲ್ಲಿ ನೆಟ್ಟಗೆ ಗೀರು ಬಿದ್ದಿದ್ದರೆ ಮಾತ್ರ ಮತ್ತೊಮ್ಮೆ ಬೋರಿಂಗ್.

ಕೊನೆಗೆ ನಿಮ್ಮ ಅಡಿಕೆ. ಮೊದಲ 200–300 ಕಿ.ಮೀ. ಖಾಲಿ ಜೀಪಿನಲ್ಲಿ ಮೇಲೆ ಹೇಳಿದ ಹಾಗೆ ದುಡಿಸಿ. ಆಮೇಲೆ ಅರ್ಧ ಲೋಡ್ ಹಾಕಿ ಗ್ವಾಳಿಮುಖದ ದಾರಿಯಾಗಿ ಪುತ್ತೂರಿಗೆ ಧೈರ್ಯವಾಗಿ ಹೋಗಬಹುದು, ಇಂಜಿನಿಗೆ ಅದು ಒಳ್ಳೆಯದೇ. ದೊಡ್ಡ ಚಡಾವಿನಲ್ಲಿ ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿಡಿ, ಬಿಗಿ ಇಂಜಿನ್ ಮಾಮೂಲಿಗಿಂತ ಸ್ವಲ್ಪ ಬಿಸಿ ತೋರಿಸುತ್ತದೆ. ಏರುತ್ತಲೇ ಹೋದರೆ ಗೇರ್ ಇಳಿಸಿ, ಬದಿಗೆ ಹಾಕಿ ಎರಡು ನಿಮಿಷ ಹಾಗೇ ಓಡಲು ಬಿಟ್ಟು ಆಮೇಲೆ ಆಫ್ ಮಾಡಿ. ಪೂರ್ತಿ ಲೋಡ್ 1000 ಕಿ.ಮೀ. ದಾಟಿದ ಮೇಲೆ. ದಿನಕ್ಕೆ ಎರಡು ಸಣ್ಣ ಟ್ರಿಪ್ ಮಾಡುವ ಬದಲು ಒಂದು ಉದ್ದ ಟ್ರಿಪ್ ಸಿಗುವ ಹಾಗೆ ಹೊಂದಿಸಿದರೆ ತಿಂಗಳೊಳಗೆ ಅಷ್ಟು ಕಿಲೋಮೀಟರ್ ಆಗಿಬಿಡುತ್ತದೆ. ಮೊದಲ ಆಯಿಲ್ ಬದಲಿಸಿದಾಗ ಫಿಲ್ಟರಿನ ಕಾಗದದ ಫೋಟೊ, ಬರೆದಿಟ್ಟ ಲೆಕ್ಕ ಎರಡನ್ನೂ ಕಳಿಸಿ, ನೋಡಿ ಹೇಳುತ್ತೇನೆ.